ಇಬ್ಬರು ಕಳ್ಳರು, ಎರಡು ರಂಗಭೂಮಿ

1928ರ ಆಗಸ್ಟ್ 31ರಂದು ಬರ್ಲಿನ್ನಿನ ಶಿಫ್‌ಬಾವರ್‌ಡಾಮ್ ರಂಗಮಂದಿರದಲ್ಲಿ ಕಳ್ಳರ ನಾಯಕನೊಬ್ಬ ರಂಗಕ್ಕೆ ಬಂದ. ಹೆಸರು ಮೆಕೀತ್. ಬರ್ಟೋಲ್ಟ್ ಬ್ರೆಕ್ಟ್ ಬರೆದು ಕುರ್ಟ್ ವೈಲ್ ಸಂಗೀತ ಕೂಡಿಸಿದ ‘ಮೂರು ಕಾಸಿನ ಸಂಗೀತ ನಾಟಕ’ದ ನಾಯಕ ಇವನೇ. ಆ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಇನ್ನೊಬ್ಬ ಕಳ್ಳ ಆಗಲೇ ಮನೆಮಾತಾಗಿದ್ದ. ಅವನು ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ಮಾಡುತ್ತಿದ್ದ ಕಳ್ಳ. ಈ ಇಬ್ಬರೂ ಕನ್ನಡ ರಂಗದ ಮೇಲೆ ಸರಿಯಾಗಿ ಭೇಟಿಯಾಗಲೇ ಇಲ್ಲ. ಕನ್ನಡದ ಬ್ರೆಕ್ಟ್ ಪರಂಪರೆಯ ದೊಡ್ಡ ಕೊರತೆ ಅಲ್ಲೇ ಇದೆ.

ಬ್ರೆಕ್ಟ್‌ನ ಕಳ್ಳ ಹುಟ್ಟಾ ಜರ್ಮನಿಯವನಲ್ಲ. ಲಂಡನ್ನಿನಲ್ಲಿ ಜಾನ್ ಗೇ 1728ರಲ್ಲಿ ಆಡಿಸಿದ ‘ಬೆಗರ್ಸ್ ಒಪೆರಾ’ ಅವನ ತವರು. 1920ರಲ್ಲಿ ಅದು ಲಂಡನ್ನಿನಲ್ಲಿ ಮತ್ತೆ ರಂಗಕ್ಕೇರಿ ವರ್ಷಗಟ್ಟಲೆ ಓಡಿತು. ಎಲಿಜಬೆತ್ ಹಾಪ್ಟ್‌ಮನ್ ಅದನ್ನು ಜರ್ಮನ್‌ಗೆ ತಂದುಕೊಟ್ಟರು. ಬ್ರೆಕ್ಟ್ ಆ ಕರಡನ್ನು ಹಿಡಿದು ನಾಟಕ ಕಟ್ಟಿದ. ಇಂದು ಲೋಕವೆಲ್ಲ ಗುನುಗುವ ಮೆಕೀತ್‌ನ ಹಾಡು ಪ್ರಯೋಗಕ್ಕೆ ಕೆಲವೇ ದಿನ ಮುಂಚೆ ಸೇರಿದ್ದು. ನಾತ್ಸಿಗಳು 1933ರಲ್ಲಿ ನಾಟಕವನ್ನು ನಿಷೇಧಿಸಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅದು ಹನ್ನೆರಡೇ ಪ್ರದರ್ಶನಕ್ಕೆ ಮುಗಿದುಹೋಯಿತು. 1954ರಲ್ಲಿ ಮಾರ್ಕ್ ಬ್ಲಿಟ್ಸ್‌ಸ್ಟೀನ್‌ ಅನುವಾದದಲ್ಲಿ ಮರಳಿದಾಗ ಅದೇ ಊರು ಅದನ್ನು ವರ್ಷಾನುಗಟ್ಟಲೆ ನೋಡಿತು.

ಭಾರತದಲ್ಲಿ ಅದು ನೆಲೆನಿಂತದ್ದು ಆಯಾ ಭಾಷೆಯ ಜನರಂಗದ ಹೆಗಲೇರಿ. ಬಂಗಾಳಿಯಲ್ಲಿ ಅಜಿತೇಶ್ ಬಂದ್ಯೋಪಾಧ್ಯಾಯರ ‘ತೀನ್ ಪೊಯ್ಶಾರ್ ಪಾಲಾ’. 1978ರಲ್ಲಿ ಮರಾಠಿಯ ಪು.ಲ. ದೇಶಪಾಂಡೆ ಬರೆದು ಜಬ್ಬಾರ್ ಪಟೇಲ್ ಆಡಿಸಿದ ‘ತೀನ್ ಪೈಶಾಚಾ ತಮಾಶಾ’. ಮರಾಠಿಯವರಂತೂ ತಮ್ಮ ಜನರಂಗವಾದ ತಮಾಶಾವನ್ನೇ ಹೆಸರಿಗೆ ತಂದರು. ಕನ್ನಡಕ್ಕೆ ನಾಟಕವನ್ನು ತಂದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ, ಬ್ರೆಕ್ಟ್‌ನದೇ ‘ಸೆಜುವಾನ್ ನಗರದ ಸಾಧ್ವಿ’ಯ ಅನುವಾದವೂ ಅವರದೇ. ಬೆಂಗಳೂರಿನಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡಕ್ಕೆ ಪ್ರಸನ್ನ ಬ್ರೆಕ್ಟ್‌ನ ‘ತಾಯಿ’ಯನ್ನೂ ‘ಗೆಲಿಲಿಯೋ’ವನ್ನೂ ಆಡಿಸಿದರು. ಶ್ರದ್ಧೆಯ, ಧೈರ್ಯದ ಕೆಲಸ ಅದು. ಆದರೆ ಹೆಗ್ಗೋಡಿನಿಂದಲೂ ಬೆಂಗಳೂರಿನಿಂದಲೂ ಹೊರಟ ಆ ದಾರಿ ಗುಬ್ಬಿಯನ್ನು ಹಾಯಲಿಲ್ಲ.

ಹಾಯ್ದಿದ್ದರೆ ಸಿಗುತ್ತಿದ್ದದ್ದು ಕಡಿಮೆಯೇನಲ್ಲ. ವೀರಣ್ಣನವರ ಕಂಪನಿಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ 1884ರಷ್ಟು ಹಳೆಯದು. ‘ಸದಾರಮೆ’ಯ ಕರ್ತೃ ನರಹರಿ ಶಾಸ್ತ್ರಿಗಳ ಬೆಳ್ಳಾವೆ ತುಮಕೂರು ತಾಲ್ಲೂಕಿನದೇ. ಕಥೆ ರಾಜಕುಮಾರನದು, ಸದಾರಮೆಯದು. ಜನ ಕಾದು ಕೂರುತ್ತಿದ್ದದ್ದು ಕಳ್ಳನಿಗೆ. ವೀರಣ್ಣನವರು ಕಥೆಯನ್ನು ಪಕ್ಕಕ್ಕಿಟ್ಟು, ಬರೆದ ಮಾತು ಬಿಟ್ಟು, ಎದುರಿಗೆ ಕೂತ ಜನರೊಂದಿಗೇ ಮಾತಿಗಿಳಿಯುತ್ತಿದ್ದರು. ನಟ ಪಾತ್ರದಿಂದ ಹೊರಬಂದು ಪ್ರೇಕ್ಷಕನನ್ನು ಎಚ್ಚರದಲ್ಲಿಡಬೇಕೆಂದು ಬ್ರೆಕ್ಟ್ ಬಯಸಿದ. 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ರ ಅಭಿನಯ ಕಂಡಾಗ ಅವನ ಆಲೋಚನೆಗೆ ಬಲ ಬಂತು. ಆ ಹೊತ್ತಿಗೆ ವೀರಣ್ಣನವರ ಕಳ್ಳ ಟೆಂಟಿನಿಂದ ಟೆಂಟಿಗೆ ಅದನ್ನೇ ಮಾಡಿಕೊಂಡು ಬರುತ್ತಿದ್ದ.

ಹಾಗೆಂದು ಗುಬ್ಬಿ ಕಂಪನಿಗೆ ಬ್ರೆಕ್ಟ್ ಮೊದಲೇ ಗೊತ್ತಿದ್ದ ಎಂಬ ವಾದ ನಿಲ್ಲುವುದಿಲ್ಲ. ಕಂಪನಿ ನಾಟಕದ ಹಾಡು ಪ್ರೇಕ್ಷಕನನ್ನು ಒಳಗೆ ಸೆಳೆದುಕೊಳ್ಳುತ್ತದೆ, ‘ಒನ್ಸ್ ಮೋರ್’ ಕೇಳಿಸಿಕೊಂಡು ಮತ್ತೆ ಶುರುವಾಗುತ್ತದೆ. ಬ್ರೆಕ್ಟ್‌ನ ಹಾಡು ಕಥೆಯನ್ನು ತುಂಡರಿಸಿ, ಈಗ ನೋಡಿದ್ದನ್ನು ಯೋಚಿಸು ಎನ್ನುತ್ತದೆ. ಕುದುರೆಯನ್ನೇ ನೋಡಿ. ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆ ನಿಜವಾಗಿಯೇ ರಂಗದ ಮೇಲೆ ಬಂದವು, ಜನ ಬೆರಗಾಗಲೆಂದೇ ಬಂದವು. ಬ್ರೆಕ್ಟ್‌ನಲ್ಲಿ ರಾಣಿಯ ದೂತ ಕುದುರೆಯೇರಿ ಬಂದು ಗಲ್ಲಿಗೇರಬೇಕಾದ ಕಳ್ಳನನ್ನು ಬಿಡಿಸುತ್ತಾನೆ. ಬಡವರ ಬಾಳಿನಲ್ಲಿ ಇಂಥ ಕುದುರೆ ಬರುವುದಿಲ್ಲ ಎಂದು ಜನಕ್ಕೆ ಹೊಳೆಯಲೆಂದು. ಆದರೂ ಬರ್ಲಿನ್ನಿನ ಸಿರಿವಂತರು ಹಾಡುಗಳನ್ನು ಗುನುಗುತ್ತಾ ಸಂತೋಷವಾಗಿಯೇ ಮನೆಗೆ ಹೋದರು.

ಕನ್ನಡದಲ್ಲೂ ಸಂಗೀತವೇ ಗೆದ್ದಿತು. ಅದರ ಹಿಂದೆ ಬಿ.ವಿ. ಕಾರಂತರಿದ್ದಾರೆ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ ಅವರು ವೀರಣ್ಣನವರ ನೆರವಿನಿಂದ ಕಾಶಿಗೆ, ಅಲ್ಲಿಂದ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದವರು. ಕಂಪನಿಯ ಸಂಗೀತ ಅವರ ಕೈಯಲ್ಲಿ ಹೊಸ ಜೀವ ಪಡೆಯಿತು. ಅವರ ದಾರಿ ಹಿಡಿದ ಹವ್ಯಾಸಿ ತಂಡಗಳು ಮೇಳದ ಹಾಡು, ಅರೆಪರದೆ, ಬಣ್ಣದ ಬಟ್ಟೆಯನ್ನು ಬಳಸಿ ಅದಕ್ಕೆ ಬ್ರೆಕ್ಟ್ ಶೈಲಿ ಎಂದವು. ಕಂಪನಿಯ ಹಾಸ್ಯನಟನನ್ನು ಮಾತ್ರ ಯಾರೂ ಕರೆತರಲಿಲ್ಲ. ಎದುರಿಗಿದ್ದವರನ್ನು ನಗಿಸುತ್ತಲೇ ತಿವಿಯುವ ಅವನ ಹಕ್ಕು ರಂಗಶಿಬಿರಗಳ ಪಾಠಕ್ಕೆ ಸೇರಲಿಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಇದಕ್ಕೆ ಹೊರತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತೂ ಅವರ ದನಿಯಲ್ಲಿ ಟೆಂಟಿನ ಜನರನ್ನು ಮುಟ್ಟುವ ಕಸುವಿದೆ.

ಕಂಪನಿ ನಾಟಕದ ಆ ಪರಂಪರೆ ಇನ್ನೂ ಬದುಕಿದೆ. ಕುಣಿಗಲ್, ಗುಬ್ಬಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ರೈತರು, ಮೇಷ್ಟ್ರುಗಳು ಕೈಯಿಂದ ದುಡ್ಡು ಹಾಕಿ ‘ಕುರುಕ್ಷೇತ್ರ’ದ ಪಾತ್ರ ಹಿಡಿಯುತ್ತಾರೆ. ಡ್ರಾಮಾ ಸೀನರಿಯವರಿಂದ ಕಿರೀಟ, ಗದೆ, ಪರದೆ ಬಾಡಿಗೆಗೆ ಬರುತ್ತವೆ; ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಬ್ರೆಕ್ಟ್‌ನ ನಾಟಕದಲ್ಲಿ ಪೀಚಮ್ ಎಂಬ ವ್ಯಾಪಾರಿ ಭಿಕ್ಷುಕರಿಗೆ ವೇಷ ಕೊಟ್ಟು ಪಾಲು ಕೇಳುತ್ತಾನೆ. ವೇಷಕ್ಕೆ ಕಾಸು ತೆರುವುದು ಏನೆಂದು ಈ ನಟರಿಗೆ ಯಾರೂ ವಿವರಿಸಬೇಕಿಲ್ಲ. ತುಮಕೂರಿನ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಬ್ರೆಕ್ಟ್‌ನ ಈ ನಾಟಕ ಆಡುವುದಾದರೆ ಪೀಚಮ್‌ನ ಪಾತ್ರ ಸೀನರಿ ಅಂಗಡಿಯ ಒಳಹೊರಗು ಬಲ್ಲವರಿಗೆ ಸಿಗಬೇಕು. ಮೆಕೀತ್‌ನ ಪಾತ್ರ ‘ಸದಾರಮೆ’ಯ ಕಳ್ಳನನ್ನು ಮಾಡಿ ಪಳಗಿದ ಹಳ್ಳಿಯ ಹಾಸ್ಯನಟನಿಗೆ, ಬರೆದ ಮಾತು ಬಿಟ್ಟು ಜನರೊಂದಿಗೆ ಮಾತಾಡುವ ಪೂರ್ತಿ ಸ್ವಾತಂತ್ರ್ಯದೊಂದಿಗೆ.