ಲುಬ್ಧಕನ ಆಚೆಗೂ ನೋಡಿ

ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿ ಗುರುತಿಸಿ, ಲುಬ್ಧಕನ ಹೊಳಪಿಗೆ ತಲೆದೂಗಿದರೆ ಆಕಾಶ ನೋಡಿದ್ದಾಯಿತು ಎನ್ನುವವರೇ ಹೆಚ್ಚು. ರಾಯಚೂರಿನ ಬೀದಿದೀಪಗಳ ನಡುವೆ ಅಷ್ಟೇ ದಕ್ಕುವುದು ಎಂಬುದೂ ನಿಜ. ಆದರೆ ಮಾರ್ಚ್ ಮೊದಲ ವಾರ ರಾತ್ರಿ ಹತ್ತರ ಸುಮಾರಿಗೆ ಮಾನ್ವಿಯಲ್ಲೋ ದೇವದುರ್ಗದಲ್ಲೋ ಊರಾಚೆಯ ನೆಲ್ಲಿನ ಗದ್ದೆ ಬದಿಗೆ ನಿಂತವರು ದಕ್ಷಿಣಕ್ಕೆ ತಿರುಗಬೇಕು. ಅಗಸ್ತ್ಯ ನಕ್ಷತ್ರದ ಎಡಕ್ಕೆ, ಇನ್ನೂ ಮೇಲೆ, ದಿಗಂತದಿಂದ ಸುಮಾರು 34 ಡಿಗ್ರಿ ಎತ್ತರದಲ್ಲಿ ನಾವೋಸ್ ಎಂಬ ನಕ್ಷತ್ರ ಸಿಗುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ.

ನೋಡಲು ಸಾಧಾರಣ ಚುಕ್ಕಿ. ಮೇಲ್ಮೈ ಶಾಖ ಮಾತ್ರ ಸುಮಾರು 40,000 ಡಿಗ್ರಿ. ಅಲ್ಲಿಂದ ಗಾಳಿಯಂತೆ ಹೊರಡುವ ಅನಿಲದ ವೇಗ ಸೆಕೆಂಡಿಗೆ ಹತ್ತಿರಹತ್ತಿರ 2,250 ಕಿಲೋಮೀಟರ್. ರಾಯಚೂರು ಬಿಟ್ಟು ಬೆಂಗಳೂರು ಮುಟ್ಟಲು ಸೆಕೆಂಡಿನ ಐದನೇ ಒಂದು ಪಾಲು ಸಾಕು.

ಈ ಗಾಳಿಯನ್ನು ತಳ್ಳುವುದು ಬೆಳಕು. ಕಾರ್ಬನ್, ನೈಟ್ರೋಜನ್, ಕಬ್ಬಿಣದ ಅಯಾನುಗಳು ನೇರಳಾತೀತ ಕಿರಣಗಳನ್ನು ಹೀರಿ ಹೊರಕ್ಕೆ ನೂಕಲ್ಪಡುತ್ತವೆ. ನೂಕುವುದು ಒಂದೇ ಹದದಲ್ಲಿ ಅಲ್ಲ. ವೇಗದ ಅನಿಲ ಮುಂದಿರುವ ನಿಧಾನದ ಅನಿಲಕ್ಕೆ ಗುದ್ದಿ, ಶಾಖ ಹತ್ತಾರು ಲಕ್ಷ ಡಿಗ್ರಿಗೆ ಏರಿ, ಎಕ್ಸ್-ರೇ ಹೊಮ್ಮುತ್ತದೆ. ಅದರ ಪ್ರಮಾಣ ನಕ್ಷತ್ರದ ಒಟ್ಟು ಬೆಳಕಿನಲ್ಲಿ ಕೋಟಿಗೊಂದು ಪಾಲು!

ಈ ಚೂರುಪಾರು ಕಣ್ಣಿಗೆ ಬಿದ್ದದ್ದೂ ಅಕಸ್ಮಾತ್ತಾಗಿ. 1978ರ ನವೆಂಬರಿನಲ್ಲಿ ಹಾರಿದ ಐನ್‌ಸ್ಟೈನ್ ಉಪಗ್ರಹ ಸಿಗ್ನಸ್ ಎಕ್ಸ್-3 ಎಂಬ ಎಕ್ಸ್-ರೇ ಆಕರದ ಕಡೆ ನೋಡುತ್ತಿದ್ದಾಗ, ಅದೇ ಚಿತ್ರದಲ್ಲಿ ಹತ್ತಿರದ ಬಿಸಿ ನಕ್ಷತ್ರಗಳೂ ಮೂಡಿದವು. 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕ ಮುಂದೆ ನಾವೋಸ್‌ನ ಎಕ್ಸ್-ರೇ ರೋಹಿತವನ್ನೇ ಬಿಡಿಸಿತು. ರೇಖೆಗಳು ಅಗಲವಾಗಿ, ನೀಲಿ ಕಡೆಗೆ ವಾಲಿದ್ದವು. ನಮ್ಮತ್ತ ಬರುವ ಅನಿಲದ ಎಕ್ಸ್-ರೇ ಸಲೀಸಾಗಿ ತಲುಪುತ್ತದೆ, ಆಚೆ ಬದಿಯದನ್ನು ಗಾಳಿಯೇ ನುಂಗುತ್ತದೆ. ಗಾಳಿಯ ಇರವಿಗೆ ಇದಕ್ಕಿಂತ ಸೊಗಸಾದ ಸಾಕ್ಷಿ ಬೇಕೆ?

ನಾವೋಸ್‌ನಿಂದ ಸುಮಾರು 7 ಡಿಗ್ರಿ ಕೆಳಗೆ ಗಾಮಾ ವೆಲೋರಂ ಎಂಬ ಜೋಡಿ ನಕ್ಷತ್ರವಿದೆ. ಅಲ್ಲಿ ದಟ್ಟ ಗಾಳಿ ಬೀಸುವ ವೂಲ್ಫ್-ರಾಯೆ ಜಾತಿಯ ನಕ್ಷತ್ರವೊಂದು ಬಿಸಿಯಾದ ಜೊತೆಗಾರನೊಂದಿಗೆ 78.5 ದಿನಕ್ಕೊಂದು ಸುತ್ತು ಹಾಕುತ್ತದೆ. ಎರಡರ ಗಾಳಿಗಳೂ ನಡುವೆ ಡಿಕ್ಕಿಯಾಗಿ ಎಕ್ಸ್-ರೇ ಹುಟ್ಟಿಸುತ್ತವೆ.

ವಾತಾವರಣ ಎಕ್ಸ್-ರೇಯನ್ನು ಕೆಳಗಿಳಿಯಲು ಬಿಡದು. ಹಾಗಾಗಿ ಉಪಗ್ರಹವೇ ಗತಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಎಕ್ಸ್-ರೇ, ನೇರಳಾತೀತ ಎರಡನ್ನೂ ನೋಡುವಂಥದ್ದು. ಅದರ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ದತ್ತಾಂಶ ಕೂಡಿಟ್ಟಿರುವುದು ಬ್ಯಾಲಾಳುವಿನಲ್ಲಿ. ಕಾಲೇಜು ಹುಡುಗರೂ ಅದನ್ನು ಪುಕ್ಕಟೆ ಇಳಿಸಿಕೊಳ್ಳಬಹುದು.

ಮಾರ್ಚ್ ಕೊನೆಗೆ ನಾವೋಸ್ ರಾತ್ರಿ ಎಂಟಕ್ಕೇ ದಕ್ಷಿಣದ ನಡುವಿಗೆ ಬರುತ್ತದೆ. ಹೊರಡುವವರು ಬೈನಾಕ್ಯುಲರ್ ಮರೆಯದಿರಲಿ: ಗಾಮಾ ವೆಲೋರಂಗೆ ಅಂಟಿಕೊಂಡಂತೆ ಇನ್ನೊಂದು ಮಂಕು ಚುಕ್ಕಿ ಇದೆ, ಬರಿಗಣ್ಣಿಗೆ ಅದು ಬೇರೆಯಾಗಿ ಕಾಣದು.