ಮುಚ್ಚಬೇಕಾದ್ದು ಒಂದು ಸಾಲೋ, ಇಡೀ ಹಾಳೆಯೋ?

ನೂರು ದಿನದ ಕೆಲಸದ ಹಾಜರಿ ಪಟ್ಟಿಯ ನಕಲು ಬೇಕೆಂದು ಕೆಲವು ವರ್ಷಗಳ ಹಿಂದೆ ಹತ್ತು ರೂಪಾಯಿ ಕೋರ್ಟ್ ಸ್ಟಾಂಪ್ ಅಂಟಿಸಿ ಅರ್ಜಿ ಹಾಕಿದ್ದೆ. ಕೆಲಸಕ್ಕೆ ಬಾರದವರ ಹೆಸರಿಗೂ ಕೂಲಿ ಬಿದ್ದಿದೆ ಅಂತ ಊರಲ್ಲಿ ಮಾತಿತ್ತು. ಒಂದೇ ಸಾಲಿನ ಉತ್ತರ ಬಂತು: ಪಟ್ಟಿಯಲ್ಲಿ ಬ್ಯಾಂಕ್ ಖಾತೆಯ ನಂಬರುಗಳಿವೆ, ಅದು ಗೌಪ್ಯ, ಕೊಡಲಾಗದು.

ನಂಬರು ಗೌಪ್ಯ, ನಿಜ. ನನಗೂ ಅದು ಬೇಕಿರಲಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಏನು ಹೇಳುತ್ತದೆ? ಕಡತದಲ್ಲಿ ಕೊಡಬಾರದ ಭಾಗವಿದ್ದರೆ ಅದನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸ್ತೇವೆ, ಮೂಟೆಯನ್ನೇ ಎಸೆಯೋದಿಲ್ಲ.

ನಮ್ಮ ಧರ್ಮಪುರಿ ಜಿಲ್ಲೆಯ ವಾಚಾತಿಯನ್ನೇ ನೋಡಿ. 1992ರ ಜೂನ್ 20ರಂದು ಶ್ರೀಗಂಧದ ಕಳ್ಳಸಾಗಣೆ ಹಿಡಿಯುತ್ತೇವೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಬುಡಕಟ್ಟಿನ ಊರಿಗೆ ನುಗ್ಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. 2011ರಲ್ಲಿ ಧರ್ಮಪುರಿ ಕೋರ್ಟು, ಬದುಕಿ ಉಳಿದಿದ್ದ 215 ಆರೋಪಿಗಳಿಗೂ ಶಿಕ್ಷೆ ವಿಧಿಸಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನೊಂದ ಹೆಣ್ಣುಮಕ್ಕಳ ಹೆಸರು ಅಚ್ಚುಹಾಕಬಾರದು ಅನ್ನುತ್ತದೆ ಕಾನೂನು; ಸರಿಯೇ. ಹಾಗಂತ ತೀರ್ಪನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಹೆಸರು ಮುಚ್ಚಿಯೂ ಅನ್ಯಾಯವನ್ನು ಬಯಲಿಗಿಡಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಕಾಯ್ದೆಯ ಮಾತೇ ಬದಲಾಗಿದೆ. 8(1)(ಜೆ) ಕಲಂ ಮೊದಲು ಅಳತೆ ಇಟ್ಟು ಮಾತಾಡುತ್ತಿತ್ತು: ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಒಬ್ಬರ ಖಾಸಗಿ ಬದುಕಿಗೆ ಸುಮ್ಮಸುಮ್ಮನೆ ಕೈಹಾಕುವ ವಿವರವನ್ನು ಕೊಡಬೇಕಿಲ್ಲ. ಶಾಸನಸಭೆಗೆ ಇಲ್ಲವೆನ್ನಲಾಗದ್ದನ್ನು ಪ್ರಜೆಗೂ ಇಲ್ಲವೆನ್ನಬಾರದು ಎಂಬ ಮಾತೂ ಅದರಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನೆಲ್ಲ ತೆಗೆದು, ‘ವೈಯಕ್ತಿಕ ಮಾಹಿತಿ’ ಆದರೆ ಸಾಕು ಅಂದಿತು. ನನ್ನ ತಕರಾರು ಇಲ್ಲೇ. ಕೂಲಿಯವನ ಹೆಸರೂ ವೈಯಕ್ತಿಕ, ಗುತ್ತಿಗೆದಾರನ ಹೆಸರೂ ವೈಯಕ್ತಿಕ. ಹೆಸರೇ ಇಲ್ಲದ ಹಾಜರಿ ಪಟ್ಟಿಯಿಂದ ಯಾರಿಗೆ ಏನು ತಿಳಿದೀತು?

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಜನಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2)ನೇ ಕಲಂ ಇದೆ, 10ನೆಯದೂ ಇದೆ. ಮೇಷ್ಟ್ರೇ, ಊರವರಿಗೆ ಅರ್ಜಿ ಬರೆದುಕೊಡುವಾಗ ಇವೆರಡನ್ನೂ ಸೇರಿಸಿ, ‘ನಂಬರು ಮುಚ್ಚಿ, ಉಳಿದದ್ದು ಕೊಡಿ’ ಅಂತ ಬರೀರಿ. ಇಲ್ಲ ಅಂದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿಸಿ.

ನನಗೆ ಆವತ್ತು ಈ ಕಲಂ ಗೊತ್ತಿರಲಿಲ್ಲ, ಸುಮ್ಮನಾದೆ. ಆ ಪಟ್ಟಿಯನ್ನು ನಮ್ಮೂರು ಇವತ್ತಿಗೂ ನೋಡಿಲ್ಲ.