ಬೆಕ್ಕಿನ ಅಟ್ಟ

ಹಳೆಯ ಮಾಳಿಗೆ ಮನೆಯಲ್ಲಿ ಬೆಕ್ಕಿಗೆ ಏರಲು ಬೇಕಾದದ್ದೆಲ್ಲ ಇತ್ತು: ಕಟ್ಟಿಗೆಯ ಕಂಬ, ಗೋಡೆಯ ಮಾಡ, ಜೋಳದ ಚೀಲಗಳ ಒಟ್ಟಿಲು, ಮೇಲೆ ಜಂತಿ. ಆರ್‌ಸಿಸಿ ಮನೆಯ ನುಣುಪು ಗೋಡೆಗೆ ಉಗುರು ತಾಗುವುದೇ ಇಲ್ಲ. ಆ ಕೊರತೆ ತುಂಬಲು ಮಂಗಸೂಳಿಯ ನಮ್ಮ ಬಡಿಗೇರರು ಮಾಡಿಕೊಟ್ಟ ಅಟ್ಟವನ್ನು ಎಷ್ಟು ಹೊಗಳಿದರೂ ಸಾಲದು.

ಕಂಬ ಜಾಲಿಯದು, ಬುಡಕ್ಕೆ ಅಗಲವಾದ ದಪ್ಪ ಹಲಗೆ. ಓಡಿ ಬಂದು ಹಾರಿದರೂ ಅಲುಗದು. ಅಲುಗುವ ಕಂಬವನ್ನು ಬೆಕ್ಕು ನಂಬುವುದಿಲ್ಲ. ಅದಕ್ಕೆ ಸುತ್ತಿದ್ದು ಕತ್ತಾಳೆ ಹಗ್ಗ. ಒಂದೊಂದು ಸುತ್ತನ್ನೂ ಕೊಡತಿಯಿಂದ ಬಡಿದು ಕೂಡಿಸಿದ್ದಾರೆ, ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಸಂದಿಯಿಲ್ಲ. ಮೊಳೆಯ ತಲೆ ಎಲ್ಲೂ ಕೈಗೆ ಹತ್ತುವುದಿಲ್ಲ. ನೆಲದಿಂದ 3 ಅಡಿಯವರೆಗೆ ಹಗ್ಗ ಬಿಡುವಿಲ್ಲದೆ ಹೋಗಿದೆ. ಹಿಂಗಾಲ ಮೇಲೆ ನಿಂತು, ಮುಂಗಾಲು ಚಾಚಿ, ಬೆನ್ನು ಪೂರ್ತಿ ಎಳೆದು ಪರಚುವುದಕ್ಕೆ ಅಷ್ಟು ಎತ್ತರ ಬೇಕೇ ಬೇಕು.

ಆದರೆ ನನ್ನನ್ನು ಸೋಲಿಸಿದ್ದು ಮೆಟ್ಟಿಲುಗಳ ಲೆಕ್ಕ. "ಏರೂದು ಸಸಾರರಿ, ಇಳಿಯೂದ ತ್ರಾಸ" ಎಂದಿದ್ದರು ಅವರು. ಬೆಕ್ಕಿನ ಉಗುರು ಹಿಂದಕ್ಕೆ ಬಾಗಿರುವುದರಿಂದ ಏರುವಾಗ ಹಿಡಿತ ಕೊಡುತ್ತದೆ, ತಲೆ ಕೆಳಗಾಗಿ ಇಳಿಯುವಾಗ ಕೊಡುವುದಿಲ್ಲ. ಅದಕ್ಕೇ ಹಲಗೆಗಳನ್ನು ಎಡಕ್ಕೊಂದು ಬಲಕ್ಕೊಂದು ತಗ್ಗಿಸುತ್ತ ತಂದಿದ್ದಾರೆ. ಮನೆಯಲ್ಲಿ ಬೆಕ್ಕು ಹಲವು, ಆದ್ದರಿಂದ ದಾರಿಯೂ ಎರಡು: ಒಂದರಲ್ಲಿ ಗಡವ ಕೂತು ಅಡ್ಡಗಟ್ಟಿದರೆ ಅಂಜುಬುರುಕಿ ಇನ್ನೊಂದರಿಂದ ಇಳಿದು ಹೋಗುತ್ತಾಳೆ. ಮೇಲಿನ ಪೀಠಗಳೂ ಒಂದೇ ಎತ್ತರದಲ್ಲಿ, ಮೂಲೆಮೂಲೆಗೆ ದೂರವಾಗಿ. ಅಂಚನ್ನೆಲ್ಲ ಉಜ್ಜಿ ದುಂಡಗೆ ಮಾಡಿದ್ದಾರೆ, ಮಲಗಿದ ಬೆಕ್ಕು ಕಾಲು ಇಳಿಬಿಟ್ಟರೆ ಒತ್ತಬಾರದೆಂದು.